ಚೌತಿಗೆ ಮುಂಚೆ: ಮನೆ ಕೆಲಸ ಬರ್ದಿಡೋದು ಹೆಂಗೆ, ಬರ್ದ ಮೇಲೆ ಮನೇಲಿ ಮಾತಾಡೋದು ಹೆಂಗೆ

ನಮ್ಮ ಸಿರ್ಸಿ ಕಡೆ ಚೌತಿ ಹತ್ರ ಬಂತು ಅಂದ್ರೆ ಚಕ್ಲಿ ಕಂಬಳ ಇರ್ತದೆ. ಊರಿನ ಗಂಡಸ್ರು ಇವತ್ತು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆ ಅಂತ ಜಗಲಿ ಮೇಲೆ ಸೇರಿ ಕೈಯಲ್ಲೇ ಚಕ್ಲಿ ಸುತ್ತೋದು, ಒತ್ತೋ ಮಟ್ಟು ಗಿಟ್ಟು ಏನಿಲ್ಲ, ಬರೀ ಬೆರಳು, ಒಬ್ಬೊಬ್ಬರ ಕೈಯಲ್ಲಿ ಎಳೆ ಎಷ್ಟು ಸಣ್ಣಕೆ ಬರ್ತದೆ ಅಂದ್ರೆ ನೋಡ್ತಾ ಕೂತ್ಕೋಬೇಕು ಅನ್ಸ್ತದೆ. ನನಗೆ ಅದು ತುಂಬಾ ಇಷ್ಟದ ದಿನ. ಮೂರು ವರ್ಷದ ಹಿಂದೆ ನಮ್ಮನೆ ಪಾಳಿ ಬಂದಾಗ ಫೋಟೋ ತೆಗೀಲಿಕ್ಕೆ ಅಂತ ಹೊರಗೆ ಬಂದೆ, ತೆಗ್ದೆ, ಒಳಗೆ ಹೋಗಿ ನೋಡಿದ್ರೆ ಅತ್ತೆ ಒಬ್ರೇ ಒಲೆ ಮುಂದೆ. ಹಿಂದಿನ ದಿನ ಅಕ್ಕಿ ತೊಳ್ದು ನೆರಳಲ್ಲಿ ಒಣಗ್ಸಿದ್ದು ಅವ್ರು, ಉದ್ದು ಹುರ್ದಿದ್ದು ಅವ್ರು, ಗಿರಣಿಗೆ ಕಳ್ಸಿದ್ದು, ಹಿಟ್ಟು ನಾದಿದ್ದು, ಇಪ್ಪತ್ತು ಜನಕ್ಕೆ ಎರಡೆರಡು ಸಲ ಚಾ, ಮಧ್ಯಾಹ್ನದ ಊಟ, ಕೊನೆಗೆ ಎಣ್ಣೆ ಬಾಂಡ್ಲೆ ತಿಕ್ಕಿದ್ದು. ನನ್ನ ಫೋನಲ್ಲಿದ್ದ ಮೂವತ್ತು ಫೋಟೋದಲ್ಲಿ ಒಂದ್ರಲ್ಲೂ ಅವ್ರಿಲ್ಲ.

ನಾನು ಧಾರವಾಡದಲ್ಲಿ ಎಂ.ಎ. ಸೋಶಿಯಾಲಜಿ ಓದಿದವಳು, ಹೆಂಗಸ್ರ ಕೆಲಸ ಕಣ್ಣಿಗೆ ಕಾಣೋದಿಲ್ಲ ಅಂತ ಪರೀಕ್ಷೆಲಿ ಪುಟಗಟ್ಟಲೆ ಬರ್ದಿದ್ದೆ, ಆದ್ರೆ ನನ್ನದೇ ಫೋನಲ್ಲಿ ಅದು ಸಿಕ್ಕಿದ ದಿನ ರಾತ್ರಿ ನಿದ್ದೆ ಬರ್ಲಿಲ್ಲ. ಆಮೇಲೆ ಶುರು ಮಾಡಿದ್ದು ಈ ನೋಟ್‌ಬುಕ್, ಮನೇಲಿ ಯಾವ ಕೆಲಸ ಯಾರು ಎಷ್ಟೊತ್ತು ಮಾಡ್ತಾರೆ ಅಂತ ಬರ್ದಿಡೋದು. ಮೂರು ವರ್ಷ ಮಾಡಿದೀನಿ, ತಪ್ಪೂ ಮಾಡಿದೀನಿ, ಅಕ್ಕಪಕ್ಕದ ನಾಲ್ಕೈದು ಮನೆಯವ್ರೂ ಮಾಡಿದ್ರು. ಹೆಂಗೆ ಮಾಡೋದು ಅಂತ ಕೇಳ್ತಾ ಇರ್ತಾರೆ, ಹಂಗಾಗಿ ಪೂರ್ತಿ ಇಲ್ಲಿ ಬರೀತಿದೀನಿ.

ಮೊದ್ಲು ಯಾವ ವಾರ ಅಂತ ನೋಡ್ಕೊಳ್ಳಿ. ಹಬ್ಬದ ವಾರ ಒಂದನ್ನೇ ಬರ್ದ್ರೆ ಲೆಕ್ಕ ತಪ್ತದೆ, ಯಾಕಂದ್ರೆ ಹಬ್ಬದಲ್ಲಿ ಎಲ್ರೂ ಏನಾದ್ರೂ ಮಾಡ್ತಾರೆ. ಮಾಮೂಲಿ ಏಳು ದಿನ ಬರೀರಿ, ಅದಕ್ಕೆ ಒಂದು ಹಬ್ಬದ ದಿನವೋ ತಿಥಿ ದಿನವೋ ಸೇರ್ಸಿ, ಒಟ್ಟು ಎಂಟು ದಿನ. ನೂರು ಪೇಜಿನ ಒಂದು ನೋಟ್‌ಬುಕ್ ಸಾಕು, ಆ್ಯಪ್ ಎಲ್ಲ ಬೇಡ, ಅಡುಗೆಮನೇಲಿ ಮೊಳೆಗೆ ನೇತು ಹಾಕಿದ್ರೆ ಯಾರ ಕೈಗೆ ಬೇಕಾದ್ರೂ ಸಿಗ್ತದೆ, ಒದ್ದೆ ಕೈಯಲ್ಲೂ ಬರೀಬಹುದು.

ದಿನವನ್ನ ಅರ್ಧರ್ಧ ಗಂಟೆ ತುಂಡು ಮಾಡಿ. ಇದು ನಾನು ಕಂಡ್ಹಿಡಿದಿದ್ದಲ್ಲ, ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೇಲೂ ಹಿಂಗೇ, ಬೆಳಿಗ್ಗೆ 4ರಿಂದ ಮರುದಿನ ಬೆಳಿಗ್ಗೆ 4ರವರೆಗೆ 30 ನಿಮಿಷದ ತುಂಡು ಮಾಡಿ ಕೇಳ್ತಾರೆ. 2019ರಲ್ಲಿ ದೇಶ ಪೂರ್ತಿ ಮಾಡಿದಾಗ ಸಂಬಳ ಇಲ್ಲದ ಮನೆಗೆಲಸ ಮಾಡೋ ಹೆಂಗಸ್ರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡ್ತಿದ್ರು, ಆ ಕೆಲಸ ಮಾಡೋ ಗಂಡಸ್ರು 97 ನಿಮಿಷ. 2024ರಲ್ಲಿ ಮತ್ತೆ ಮಾಡಿದಾಗ 289 ಮತ್ತೆ 88. ಹೆಂಗಸ್ರದ್ದು ಹತ್ತು ನಿಮಿಷ ಇಳೀತು, ಗಂಡಸ್ರದ್ದೂ ಒಂಬತ್ತು ಇಳೀತು, ನಡುವಿನ ಅಂತರ ಇದ್ದಲ್ಲೇ ಇದೆ. ಈ 97, 88 ಅನ್ನೋದು ಮನೆಗೆಲಸಕ್ಕೆ ಕೈ ಹಾಕೋ ಗಂಡಸ್ರ ಲೆಕ್ಕ ಮಾತ್ರ, 2019ರಲ್ಲಿ ಅಂಥವ್ರು ನಾಲ್ವರಲ್ಲಿ ಒಬ್ರು.

ಪೇಜಿಗೆ ಐದು ಗೆರೆ, ಅಂದ್ರೆ ಐದು ಕಾಲಂ, ಎಳ್ಕೊಳ್ಳಿ. ಹೊತ್ತು, ಕೆಲಸ, ಮಾಡಿದ್ದು ಯಾರು, ಮಾಡ್ಬೇಕು ಅಂತ ನೆನಪಿಟ್ಟಿದ್ದು ಯಾರು, ಆಗದಿದ್ರೆ ಬೈಸ್ಕೊಳ್ಳೋದು ಯಾರು. ಕೊನೇ ಎರಡು ಗೆರೆ ಬಿಡ್ಲೇಬೇಡಿ, ಇಡೀ ವಿಷಯ ಇರೋದು ಅಲ್ಲೇ.

ಈಗ ಕಷ್ಟದ ಭಾಗ. ಅತ್ತೆ ಹತ್ರ ಹೋಗಿ ನೀವು ದಿನಾ ಏನ್ ಕೆಲಸ ಮಾಡ್ತೀರಿ ಅಂತ ಕೇಳ್ಬೇಡಿ. ನಾನು ಕೇಳಿದೆ, ಅವ್ರು ಹೇಳಿದ್ದು, “ಆನೆಂತ ಮಾಡ್ತಿ ತಂಗಿ, ಮನೆಲೇ ಇರ್ತಿ ಅಲ್ದಾ.” ನಾನೇನು ಮಾಡ್ತೀನಿ, ಮನೇಲೇ ಇರ್ತೀನಲ್ಲ ಅಂತ. ನಾನೂ ದಡ್ಡಿ ಹಂಗೆ ಮೊದಲ ದಿನ ಖಾಲಿ ಬಿಟ್ಟೆ. ಮರುದಿನ ಕೇಳೋ ರೀತಿ ಬದಲು ಮಾಡಿದೆ, ಎದ್ದಿದ್ದು ಎಷ್ಟೊತ್ತಿಗೆ, ಎದ್ದ ತಕ್ಷಣ ಎಲ್ಲಿಗೆ ಹೋದ್ರಿ, ಅಲ್ಲಿಂದ ಎಲ್ಲಿಗೆ. ಆಗ ಬಂತು ನೋಡಿ. ಪೌಣೆ ಐದಕ್ಕೆ ಎದ್ದು ಬಚ್ಚಲ ಒಲೆಗೆ ಬೆಂಕಿ, ಕೊಟ್ಟಿಗೆ, ಕರು ಬಿಡೋದು, ಹಾಲು ಕರ್ಯೋದು, ಅಂಗಳಕ್ಕೆ ನೀರು, ರಂಗೋಲಿ, ದೇವರ ಹೂವು, ಮಾವನ ಬಿಪಿ ಮಾತ್ರೆ, ಮಜ್ಜಿಗೆ ಕಡಿಯೋದು, ಬೆಳಿಗ್ಗೆ ಏಳೂವರೆಗೆ ಆಗ್ಲೇ ಒಂದು ಪೇಜು ಮುಗೀತು. ಆ್ಯನ್ ಓಕ್ಲಿ ಅಂತ ಒಬ್ಬ ಸಮಾಜಶಾಸ್ತ್ರಜ್ಞೆ ಲಂಡನ್ನಲ್ಲಿ 40 ಗೃಹಿಣಿಯರನ್ನ ಹಿಂಗೇ ಕೂರ್ಸಿ ಕೇಳಿ 1974ರಲ್ಲಿ ಪ್ರಕಟ ಮಾಡಿದ್ರು, ಸರಾಸರಿ ವಾರಕ್ಕೆ 77 ಗಂಟೆ ಬಂತು. ಮನೆಗೆಲಸವನ್ನ ಕೆಲಸ ಅಂತಲೇ ಲೆಕ್ಕ ಹಾಕಿ ಅಧ್ಯಯನ ಮಾಡಿದ್ದು ಆ ಕಾಲಕ್ಕೆ ಹೊಸದು. ನಮ್ಮ ಅತ್ತೆದು ಆ ವಾರ 77ಕ್ಕಿಂತ ಜಾಸ್ತಿನೇ ಆಯ್ತು, ಅವ್ರಿಗೆ 71 ವರ್ಷ.

ಎರಡು ಕೆಲಸ ಒಟ್ಟಿಗೆ ನಡೀತಿದ್ರೆ ಎರಡೂ ಬರೀರಿ. ಹಾಲು ಒಲೆ ಮೇಲೆ, ಮಗಳ ಹೋಮ್‌ವರ್ಕು ಎದುರಿಗೆ, ಕಿವಿ ಗೇಟಿನ ಹತ್ರ ಯಾರೋ ಬಂದ ಕಡೆಗೆ. ಇನ್ನು ತಲೆಯೊಳಗಿನ ಕೆಲಸ ಬರೀಲಿಕ್ಕೆ ಸ್ವಲ್ಪ ಅಭ್ಯಾಸ ಬೇಕು. ಗ್ಯಾಸ್ ಬುಕ್ ಮಾಡ್ಬೇಕು ಅಂತ ನೆನಪಾಗೋದು ಯಾರಿಗೆ, ಯಾರ ಮನೆ ಉಪನಯನಕ್ಕೆ ಉಡುಗೊರೆ ಕೊಡ್ಬೇಕು, ಅಪ್ಪೆಮಿಡಿ ಭರಣಿ ಯಾವಾಗ ತೆಗ್ದು ನೋಡ್ಬೇಕು, ಅಜ್ಜನ ತಿಥಿ ಈ ಸಲ ಯಾವ ವಾರ ಬೀಳ್ತದೆ, ಪುರೋಹಿತರಿಗೆ ಹೇಳಿಕೆ ಹೋಯ್ತಾ ಇಲ್ವಾ. ತಿಥಿ ಮಾಡೋರು ಗಂಡಸ್ರು, ಸಂಕಲ್ಪದಲ್ಲಿ ಹೆಸ್ರು ಬರೋದು ಅವ್ರದ್ದೇ, ಆದ್ರೆ ನಮ್ಮನೇಲಿ ಎರಡು ವಾರ ಮೊದ್ಲಿಂದ ಎಳ್ಳು ದರ್ಭೆ ಬಾಳೆಎಲೆ ವಡೆಗೆ ಉದ್ದು ಅಂತ ಪಟ್ಟಿ ತಲೇಲಿ ಇಟ್ಕೊಂಡು ಓಡಾಡೋದು ಅತ್ತೆ. ನಾಲ್ಕನೇ ಗೆರೇಲಿ ಅವ್ರ ಹೆಸ್ರೇ ಬರೀಬೇಕು.

ಗಂಡಸ್ರ ಕೆಲಸಾನೂ ಅಷ್ಟೇ ಪ್ರಾಮಾಣಿಕವಾಗಿ ಬರೀರಿ, ಇಲ್ಲಿ ಮೋಸ ಮಾಡಿದ್ರೆ ಆಮೇಲೆ ನಿಮ್ಮ ನೋಟ್‌ಬುಕ್ಕಿಗೆ ಬೆಲೆ ಇರೋದಿಲ್ಲ. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗ ಬರ್ಬಾರ್ದು ಅಂತ ಮೈಲುತುತ್ತ ಸುಣ್ಣ ಕಲ್ಸಿ ಬೋರ್ಡೋ ಹೊಡ್ಸೋದು, ಜಾರೋ ಕಾಲುವೇಲಿ ಪಂಪ್ ಎಳ್ಕೊಂಡು ದಿನಪೂರ್ತಿ ತೋಟದಲ್ಲಿ ನಿಲ್ಲೋದು, ಮರ ಹತ್ತಿ ಅಡಿಕೆ ಕೊನೆ ಕೊಯ್ಯೋ ಕೊನೆಗೌಡ ಬರ್ತಾನೋ ಇಲ್ವೋ ಅಂತ ಫೋನ್ ಮಾಡ್ತಾ ಕೂರೋದು, ಅಡಿಕೆ ರೇಟು ಬಿದ್ರೆ ರಾತ್ರಿ ನಿದ್ದೆ ಇಲ್ಲದ್ದು, ಇದೆಲ್ಲ ಕೆಲಸವೇ. ನಾನು ಮೊದಲ ವರ್ಷ ನಮ್ಮನೆಯವ್ರ ತೋಟದ ಕೆಲಸ ಒಂದೇ ಸಾಲಲ್ಲಿ ಮುಗ್ಸಿದ್ದೆ, ಅವ್ರು ಓದಿ ಏನೂ ಮಾತಾಡ್ಲಿಲ್ಲ, ಎದ್ದು ಹೋದ್ರು, ತಪ್ಪು ನಂದೇ. ಎರಡನೇ ವರ್ಷ ತೋಟದ್ದೂ ಅರ್ಧ ಗಂಟೆ ಲೆಕ್ಕದಲ್ಲೇ ಬರ್ದೆ. ಆಗ ಕಂಡಿದ್ದು ಬೇರೆ ಒಂದು ವಿಷಯ: ಅವ್ರ ಕೆಲಸಕ್ಕೆ ಕಾಲ ಇದೆ, ಕೊನೆಕೊಯ್ಲು ಮುಗೀತದೆ, ಮಳೆ ಜೋರಾದ್ರೆ ಮನೇಲಿ ಕೂರಬಹುದು, ಸಂಜೆ ಪೇಟೆಗೆ ಹೋಗಬಹುದು. ಅಡುಗೆಮನೇದಕ್ಕೆ ಮುಗಿಯೋ ತಿಂಗ್ಳು ಇಲ್ಲ. ನಾನು ಹೊರಗೆ ಕೆಲಸಕ್ಕೆ ಹೋಗಿ ಬರೋಳಾದ್ರಿಂದ ನನ್ನ ಸಾಲುಗಳು ಇನ್ನೊಂದು ರೀತಿ, ಸಂಜೆ ಐದೂವರೆಗೆ ಒಂದು ಡ್ಯೂಟಿ ಮುಗೀತದೆ, ಬಸ್ ಇಳ್ದ ಕೂಡ್ಲೇ ಇನ್ನೊಂದು ಶುರು. ಅಮೆರಿಕದ ಆರ್ಲಿ ಹೋಕ್‌ಶೀಲ್ಡ್ 1989ರಲ್ಲಿ ಇದನ್ನೇ ಎರಡನೇ ಪಾಳಿ ಅಂತ ಕರೆದ್ರು, ಇಬ್ರೂ ದುಡಿಯೋ ಮನೇಲಿ ಹೆಂಡತಿ ವರ್ಷಕ್ಕೆ ಒಂದು ತಿಂಗ್ಳಷ್ಟು, ಅದೂ ದಿನಕ್ಕೆ 24 ಗಂಟೆ ಲೆಕ್ಕದ ತಿಂಗ್ಳು, ಹೆಚ್ಚು ಕೆಲಸ ಮಾಡ್ತಾಳೆ ಅಂತ.

ಇನ್ನೊಂದು ಸಾಲು ಯಾರೂ ಬರ್ಯೋದಿಲ್ಲ. ಕೊಟ್ಟಿಗೆ ಕೆಲಸಕ್ಕೆ, ಅಡಿಕೆ ಸುಲೀಲಿಕ್ಕೆ ಬರೋ ಹೆಂಗಸ್ರು. ಮೆಟ್ಟುಗತ್ತಿ ಮೇಲೆ ಕೂತು ರಾತ್ರಿ ಹತ್ತು ಹನ್ನೊಂದರ ತನಕ ಸುಲ್ದು ಮನೆಗೆ ಹೋಗಿ ಅನ್ನ ಮಾಡ್ಬೇಕು ಅವ್ರು. ನನಗೆ ಸ್ವಲ್ಪ ಬಿಡುವು ಸಿಕ್ಕಿದ್ದು ಅವ್ರ ಮೇಲೆ ಹೊರೆ ಹಾಕಿದ್ರಿಂದಲಾ ಅಂತ ನೋಡಿ, ಹಾಗಿದ್ರೆ ಅದು ಹಂಚಿಕೆ ಆಗ್ಲಿಲ್ಲ, ಕೆಲಸ ಒಂದು ಮನೆ ಹೆಂಗಸಿಂದ ಇನ್ನೊಂದು ಮನೆ ಹೆಂಗಸಿಗೆ ಹೋಯ್ತು ಅಷ್ಟೇ.

ಎಂಟು ದಿನ ಆದ್ಮೇಲೆ ಸಂಪ್ರದಾಯಗಳನ್ನ ಬೇರೆ ಪೇಜಿಗೆ ತೆಗೀರಿ. ಪ್ರತಿಯೊಂದಕ್ಕೂ ನಾಲ್ಕು ಪ್ರಶ್ನೆ ಕೇಳಿ: ಯಾರು ಮಾಡ್ತಾರೆ, ಯಾರು ಮಾಡ್ಬಾರ್ದು, ಯಾರು ತೀರ್ಮಾನ ಮಾಡ್ತಾರೆ, ಎಷ್ಟು ಹಳೇದು. ಒಳ್ಳೇದೋ ಕೆಟ್ಟದ್ದೋ ಅಂತ ಈಗ್ಲೇ ಕೇಳ್ಬೇಡಿ, ಅದನ್ನ ಕೇಳಿದ್ರೆ ಮೊದಲ ಐದು ನಿಮಿಷಕ್ಕೆ ಜಗಳ.

ಅಡುಗೆ ಬಡಿಸೋದನ್ನ ತಗೊಳ್ಳಿ. ನಮ್ಮ ಕಡೆ ಮದುವೆ ಉಪನಯನ ಅಂದ್ರೆ ಅಡುಗೆ ಭಟ್ರು ಗಂಡಸ್ರು, ಪಂಕ್ತಿಗೆ ಪಂಚೆ ಉಟ್ಕೊಂಡು ಅನ್ನ ಸಾರು ಬಡಿಸೋರೂ ಗಂಡಸ್ರು, ಹತ್ತು ವರ್ಷದ ಮಾಣಿ, ಅಂದ್ರೆ ಹುಡ್ಗ ಕೂಡ ಉಪ್ಪು ಉಪ್ಪಿನಕಾಯಿ ಹಿಡ್ಕೊಂಡು ಓಡ್ತಾನೆ, ಯಾರ ಮರ್ಯಾದೆನೂ ಹೋಗೋದಿಲ್ಲ, ಚಂದ ಬಡಿಸ್ದ ಅಂತ ಹೊಗಳ್ತಾರೆ. ಅದೇ ಮಾಣಿ ಮನೇಲಿ ತನ್ನ ತಟ್ಟೆ ತೊಳೀಲಿಕ್ಕೆ ಎದ್ರೆ ಅಜ್ಜಿ ತಡೀತಾರೆ. ಹಾಗಾದ್ರೆ ಅನ್ನ ಬಡಿಸೋದು ಹೆಂಗಸ್ರ ಕೆಲಸ ಅಂತ ಹೇಳ್ಲಿಕ್ಕೆ ಬರೋದಿಲ್ಲ, ನಾಲ್ಕು ಜನ ನೋಡೋ ಕಡೆ, ದಕ್ಷಿಣೆಯೋ ಹೊಗಳಿಕೆಯೋ ಸಿಗೋ ಕಡೆ ಗಂಡಸ್ರದ್ದು, ದಿನಾ ಯಾರೂ ನೋಡದ ಕಡೆ ಹೆಂಗಸ್ರದ್ದು. ಇದನ್ನ ಮಾವನ ಹತ್ರ ಹೇಳಿದಾಗ ಅವ್ರು ಸ್ವಲ್ಪ ಹೊತ್ತು ಯೋಚ್ನೆ ಮಾಡಿ ಹೌದು ಅಂದ್ರು, ಅವ್ರು ಊರಲ್ಲಿ ಹೆಸರುವಾಸಿ ಬಡಿಸೋರು.

ಯಕ್ಷಗಾನ ನೋಡ್ದೋರಿಗೆ ಇದು ಇನ್ನೂ ಬೇಗ ಅರ್ಥ ಆಗ್ತದೆ. ಸ್ತ್ರೀವೇಷ ಹಾಕೋ ಗಂಡಸ್ರು ನಡಿಗೆ, ಕತ್ತು ತಿರುಗ್ಸೋದು, ಸೆರಗು ಹಿಡಿಯೋದು, ದನಿ, ಒಂದೊಂದನ್ನೂ ವರ್ಷಗಟ್ಟಲೆ ಕಲೀತಾರೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವ್ರು ಕಟ್ಟಿದ ಇಡಗುಂಜಿ ಮೇಳದ ಕಾಲದಿಂದ್ಲೂ ನಮ್ಮ ಜಿಲ್ಲೆ ಜನ ಅದನ್ನ ನೋಡ್ಕೊಂಡು ಬಂದಿದಾರೆ. ಹೆಣ್ತನ ಅನ್ನೋದು ಕಲ್ತು ಮಾಡಿ ತೋರ್ಸೋದು ಅಂತ ರಂಗಸ್ಥಳದಲ್ಲಿ ನಾವು ಒಪ್ಕೋತೀವಿ. ಕ್ಯಾಂಡೇಸ್ ವೆಸ್ಟ್ ಮತ್ತೆ ಡಾನ್ ಜಿಮ್ಮರ್‌ಮನ್ 1987ರಲ್ಲಿ ಬರ್ದ ಲೇಖನದ ಮುಖ್ಯ ಮಾತು ಇದೇ, ಗಂಡು ಹೆಣ್ಣು ಅನ್ನೋ ನಡವಳಿಕೆಯನ್ನ ನಾವು ದಿನಾ ಇನ್ನೊಬ್ಬರ ಎದುರಿಗೆ ಮಾಡ್ತಾ ಇರ್ತೀವಿ, ಸರಿಯಾಗಿ ಮಾಡದಿದ್ರೆ ಜನ ಲೆಕ್ಕ ಕೇಳ್ತಾರೆ. ಅಂಗಳಕ್ಕೆ ಸಗಣಿ ಸಾರ್ಸದ ಸೊಸೆ, ಪಾತ್ರೆ ತೊಳೆಯೋ ಅಳಿಯ, ಇವ್ರ ಬಗ್ಗೆ ಊರು ಮಾತಾಡೋದು ಅದಕ್ಕೇ. ಈಗ ಹೆಣ್ಮಕ್ಕಳ ಮೇಳಗಳೂ ಆಗಿವೆ, ಅವ್ರು ರಾಜವೇಷ ಹಾಕಿ ಕುಣೀವಾಗ ಅದೇ ಅಜ್ಜಂದಿರು ಮುಂದೆ ಕೂತು ನೋಡ್ತಾರೆ.

ಎಷ್ಟು ಹಳೇದು ಅನ್ನೋ ಪ್ರಶ್ನೆಗೆ ಅಜ್ಜಿಯರನ್ನೇ ಕೇಳ್ಬೇಕು. ನಮ್ಮ ಮೈಸೂರಿನವ್ರೇ ಆದ ಎಂ.ಎನ್. ಶ್ರೀನಿವಾಸ್ ಸಂಸ್ಕೃತೀಕರಣ ಅಂತ ಒಂದು ಮಾತು ಕೊಟ್ಟು ಹೋಗಿದಾರೆ, ಮೇಲೆ ಬರ್ಬೇಕು ಅನ್ನೋ ಜಾತಿಯವ್ರು ಮೇಲ್ಜಾತಿಯವ್ರ ಆಚಾರ ಹಿಡೀತಾರೆ, ಹಿಡಿಯುವಾಗ ಅವ್ರ ಹೆಂಗಸ್ರ ಮೇಲೆ ಬಿಗಿ ಜಾಸ್ತಿ ಆಗ್ತದೆ ಅಂತ ಅವ್ರು ಗುರುತ್ಸಿದ್ರು. ನನ್ನ ತವರು ಕುಮಟಾ ಕಡೆ, ಸಣ್ಣಿರುವಾಗ ಮೀನು ಬುಟ್ಟಿ ಹೊತ್ಕೊಂಡು ಗಟ್ಟಿ ದನಿಲಿ ಕೂಗ್ತಾ ಬರ್ತಿದ್ದ ಒಬ್ಬ ಹೆಂಗಸಿದ್ದಳು, ಮಗ ಬೋಟು ಮಾಡಿ ದುಡ್ಡು ನೋಡಿದ ಮೇಲೆ ಅವ್ಳನ್ನ ಮಾರ್ಕೆಟ್ಟಿಗೆ ಹೋಗ್ಲಿಕ್ಕೆ ಬಿಡ್ಲಿಲ್ಲ, ಮರ್ಯಾದೆ ಅಂತ. ಆ ಮನೆಯ ಮೊಮ್ಮಕ್ಕಳು ಈಗ ನಮ್ಮಲ್ಲಿ ಹೆಂಗಸ್ರು ಹೊರಗೆ ಹೋಗೋ ಪದ್ಧತಿನೇ ಇಲ್ಲ ಅಂತಾರೆ. ಒಂದೇ ತಲೆಮಾರಿನ ಸಂಪ್ರದಾಯ ಅದು.

ದೇವಿಮನೆ ಘಾಟ್ ಇಳಿದ್ರೆ ಸಾಕು ಲೆಕ್ಕ ಪೂರ್ತಿ ಬೇರೆ ಆಗ್ತದೆ. ಸಿರ್ಸಿಯಿಂದ ಕುಮಟಾ ಅರವತ್ತು ಕಿಲೋಮೀಟರ್. ಮೇಲೆ ನಮ್ಮ ತೋಟದ ಮನೇಲಿ ಅಡಿಕೆ ದುಡ್ಡು ಗಂಡಸ್ರ ಖಾತೆಗೆ ಬರೋದು ರೂಢಿ, ಅತ್ತೆ ಹಾಲು ಮಾರಿದ ದುಡ್ಡು ಬಿಟ್ರೆ ಕೈಯಲ್ಲಿ ಏನೂ ಇರೋದಿಲ್ಲ. ಕೆಳಗೆ ಕರಾವಳೀಲಿ ಗಂಡಸ್ರು ಸಮುದ್ರಕ್ಕೆ ಹೋಗ್ತಾರೆ, ಮೀನು ಮಾರಿ ದುಡ್ಡು ಎಣಿಸೋದು ಹೆಂಗಸ್ರು, ರೇಟು ಹೇಳೋದು, ಚೌಕಾಶಿ, ಸಾಲ ಕೊಡೋದು ತಗೊಳ್ಳೋದು ಎಲ್ಲ ಅವ್ರೇ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟು ನಿಂತಾಗ ಎಷ್ಟೋ ಮನೆ ನಡೆಯೋದು ಬೇಸಿಗೇಲಿ ಹೆಂಗಸ್ರು ಒಣಗ್ಸಿಟ್ಟ ಮೀನಿನ ಮೇಲೆ. ಅಂಕೋಲಾ ಪೇಟೆ ಬದೀಲಿ ತರಕಾರಿ ಬುಟ್ಟಿ ಇಟ್ಕೊಂಡು ಕೂರೋ ಹಾಲಕ್ಕಿ ಸಮುದಾಯದ ಹೆಂಗಸ್ರನ್ನ ನೋಡಿ. ಹಂಗಂತ ಅವ್ರ ಮನೇಲಿ ಎಲ್ಲ ಸರಿ ಇದೆ ಅಂತಲ್ಲ, ಹಾಲಕ್ಕಿ ಹಾಡಿನ ಸುಕ್ರಿ ಬೊಮ್ಮಗೌಡ ಸಾರಾಯಿ ವಿರುದ್ಧ ಹೋರಾಟ ಮಾಡಿದ್ದೇ ಗಂಡಸ್ರ ಕುಡಿತ ಮನೆಗಳನ್ನ ತಿನ್ನೋದನ್ನ ಕಂಡು. ಅವ್ರಿಗೆ 2017ರಲ್ಲಿ ಪದ್ಮಶ್ರೀ ಬಂತು, ಹೊನ್ನಳ್ಳಿಯ ತುಳಸಿ ಗೌಡರಿಗೆ 2020ರಲ್ಲಿ. ತುಳಸಜ್ಜಿ ಸಣ್ಣ ವಯಸ್ಸಿಂದ ತಾಯಿ ಜೊತೆ ನರ್ಸರಿ ಕೆಲಸಕ್ಕೆ ಹೋದವ್ರು, ಯಾವ ಮರದ ಬೀಜ ಯಾವಾಗ ಎತ್ತಬೇಕು ಅನ್ನೋ ಅವ್ರ ಜ್ಞಾನ ದಶಕಗಟ್ಟಲೆ ಕೂಲಿ ಲೆಕ್ಕದಲ್ಲೇ ಇತ್ತು. ಇಬ್ರೂ ಈಗಿಲ್ಲ. ನಿಮ್ಮ ಮನೆ ಹೆಂಗಸ್ರಿಗೆ ಏನೇನ್ ಗೊತ್ತು, ಯಾವ ತಂಬುಳಿ ಯಾವ ಹೊಟ್ಟೆನೋವಿಗೆ, ಬಾಣಂತಿಗೆ ಏನ್ ಕೊಡ್ಬೇಕು, ಅದಕ್ಕೂ ಎರಡು ಪೇಜು ಬಿಡಿ.

ಮೂರು ದಿನ ಹೊರಗೆ ಕೂರೋದರ ಬಗ್ಗೆ ಬರೀದೇ ಹೋಗ್ಲಿಕ್ಕೆ ಆಗೋದಿಲ್ಲ. ಕೆಲವು ಅಜ್ಜಿಯರು ಅದು ರೆಸ್ಟ್ ಆಗಿತ್ತು ಅಂತಾರೆ, ನಾನು ಅದನ್ನ ಸುಳ್ಳು ಅನ್ನೋದಿಲ್ಲ, ಕೂಡುಕುಟುಂಬದಲ್ಲಿ ಇನ್ನೊಂದು ನಾಲ್ಕು ಹೆಂಗಸ್ರಿದ್ದಾಗ ಆ ಮೂರು ದಿನ ಒಲೆ ಹೊಗೆ ತಪ್ತಿತ್ತು. ಆದ್ರೆ ನಾಲ್ಕು ಪ್ರಶ್ನೆ ಹಾಕಿ ನೋಡಿ. ರೆಸ್ಟ್ ಬೇಕೋ ಬೇಡ್ವೋ ಅಂತ ಅವ್ಳು ಹೇಳೋ ಹಾಗಿರ್ಲಿಲ್ಲ, ಎಲ್ಲಿ ಮಲಗ್ಬೇಕು ಏನ್ ಮುಟ್ಟಬಾರ್ದು ಅಂತ ಬೇರೆಯವ್ರು ಹೇಳ್ತಿದ್ರು, ಮನೆಗೆ ಬಂದ ನೆಂಟರಿಗೆಲ್ಲ ಅವ್ಳು ಹೊರಗೆ ಅಂತ ಗೊತ್ತಾಗ್ತಿತ್ತು, ಪರೀಕ್ಷೆ ಇದ್ದ ಹುಡುಗಿ ಚಳೀಲಿ ಜಗಲಿ ಮೂಲೇಲಿ ಚಾಪೆ ಮೇಲೆ. ನನ್ನ ಮಗಳಿಗೆ ಈಗ ಹನ್ನೊಂದು. ನನಗೆ ಅವ್ಳು ಆ ಮೂಲೇಲಿ ಕೂರೋದು ಬೇಡ. ಇದನ್ನ ನಾನು ಅತ್ತೆಗೆ ನೇರ ಹೇಳ್ದೆ, ನೋಟ್‌ಬುಕ್ಕಿನ ಮರೇಲಿ ಹೇಳ್ಲಿಲ್ಲ, ಕೆಲವು ಮಾತಿಗೆ ಲೆಕ್ಕಪತ್ರ ಬೇಡ.

ಅತ್ತೆ ಒಪ್ಪದಿದ್ರೆ ಅವ್ರನ್ನ ಹಳೇ ಕಾಲದವ್ರು ಅಂತ ಬದಿಗೆ ತಳ್ಬೇಡಿ. ಡೆನಿಜ್ ಕಂಡಿಯೋಟಿ ಅಂತ ಟರ್ಕಿ ಮೂಲದ ವಿದ್ವಾಂಸೆ 1988ರಲ್ಲಿ ಇದನ್ನ ತುಂಬಾ ಚೆನ್ನಾಗಿ ಬಿಡ್ಸಿ ಹೇಳಿದಾರೆ: ಇಂಥ ಮನೆಗಳಲ್ಲಿ ಹೆಣ್ಣು ಚಿಕ್ಕವಳಿದ್ದಾಗ ಬಗ್ಗಿ ನಡೀತಾಳೆ, ಯಾಕಂದ್ರೆ ಮುಂದೆ ಒಂದು ದಿನ ತಾನೂ ಅತ್ತೆ ಆಗಿ ಸೊಸೆ ಮೇಲೆ ಅಧಿಕಾರ ಸಿಗ್ತದೆ ಅನ್ನೋ ಒಪ್ಪಂದ ಅದು. ನಮ್ಮ ಅತ್ತೆ ನಲವತ್ತೆಂಟು ವರ್ಷ ಆ ಒಪ್ಪಂದದ ತಮ್ಮ ಪಾಲು ಪೂರ್ತಿ ಮಾಡಿದಾರೆ. ಅವ್ರಿಗೆ ಸಿಗ್ಬೇಕಾದ ಹೊತ್ತಿಗೆ ನಾನು ಬಂದು ನಿಯಮ ಬದಲು ಮಾಡ್ತೀನಿ ಅಂದ್ರೆ ಅವ್ರಿಗೆ ಏನ್ ಸಿಕ್ತು? ಹಂಗಾಗಿ ಕೆಲಸ ಕಡಿಮೆ ಆಗೋದಾದ್ರೆ ಮೊದ್ಲು ಅವ್ರದ್ದೇ ಕಡಿಮೆ ಆಗ್ಬೇಕು. ನಾನು ಇದನ್ನ ತಡವಾಗಿ ತಿಳ್ಕೊಂಡೆ.

ಮಾತಾಡೋ ದಿನ. ಹಬ್ಬದ ದಿನ ಬೇಡ, ತಿಥಿ ದಿನ ಬೇಡ, ನೆಂಟರಿದ್ದಾಗ ಬೇಡವೇ ಬೇಡ. ಮಳೆ ಬರ್ತಿರೋ ಸಂಜೆ, ಹಲಸಿನ ಹಪ್ಪಳ ಸುಟ್ಕೊಂಡು ಎಲ್ರೂ ಒಲೆ ಹತ್ರ ಕೂತಾಗ ನೋಟ್‌ಬುಕ್ ಮಾವನ ಕೈಗೇ ಕೊಡಿ, ಗಟ್ಟಿಯಾಗಿ ಅವ್ರೇ ಓದ್ಲಿ. ನೀವು ಓದಿದ್ರೆ ದೂರು ಹೇಳಿದ ಹಾಗೆ ಕೇಳ್ಸ್ತದೆ, ಮನೆ ಯಜಮಾನರ ಬಾಯಲ್ಲಿ ಬಂದ್ರೆ ಸುದ್ದಿ ಆಗ್ತದೆ. ನಮ್ಮ ಮಾವ ಎರಡು ದಿನದ್ದು ಓದಿ ಕನ್ನಡಕ ತೆಗ್ದು “ಇದ್ರಲ್ಲಿ ನನ್ನ ಹೆಸ್ರೇ ಇಲ್ಯಲೇ” ಅಂದ್ರು. ಇತ್ತು, ಪೂಜೆಯ ಸಾಲಲ್ಲಿ, ಮಾತ್ರೆ ತಗೊಳ್ಳೋ ಸಾಲಲ್ಲಿ. ಯಾರೂ ಏನೂ ಹೇಳ್ಲಿಲ್ಲ, ಹೇಳ್ಬಾರ್ದು ಕೂಡ, ಸುಮ್ನೆ ಇರೋದು ಆಗ ತುಂಬಾ ಮುಖ್ಯ.

ಆಮೇಲೆ ಸಹಾಯ ಅನ್ನೋ ಮಾತನ್ನ ಬಿಡಿ. ನಾನು ನಿಂಗೆ ಸಹಾಯ ಮಾಡ್ತೆ ಅಂದ್ರೆ ಕೆಲಸ ಅವ್ಳದ್ದೇ ಅಂತ ಉಳೀತು. ಒಂದು ಕೆಲಸ ಕೊಟ್ರೆ ಬುಡದಿಂದ ತುದಿವರೆಗೆ ಕೊಡಿ. ದೋಸೆ ಅಂದ್ರೆ ಮಧ್ಯಾಹ್ನ ಎರಡಕ್ಕೆ ಅಕ್ಕಿ ಉದ್ದು ಮೆಂತೆ ನೆನೆಹಾಕೋದು, ಸಂಜೆ ಕರೆಂಟಿದ್ದಾಗ ರುಬ್ಬೋದು, ಮಳೆಗಾಲದಲ್ಲಿ ಹುಳಿ ಬರೋದಿಲ್ಲ ಅಂತ ಒಲೆ ಹತ್ರ ಇಡೋದು, ಬೆಳಿಗ್ಗೆ ಎರೆಯೋದು, ಚಟ್ನಿ, ಕಾವಲಿ ತೊಳೆಯೋದು. ಬೇರೆಯವ್ರು ರುಬ್ಬಿಟ್ಟ ಹಿಟ್ಟಲ್ಲಿ ಭಾನುವಾರ ಹತ್ತು ದೋಸೆ ಎರೆದವ್ರ ಹೆಸ್ರು ಇಪ್ಪತ್ತು ನಿಮಿಷದ ಸಾಲಲ್ಲಿ ಮಾತ್ರ ಬರೀಬೇಕು. ನಮ್ಮನೆಯವ್ರು ಮಂಗಳವಾರ ಶುಕ್ರವಾರದ ತಿಂಡಿ ಪೂರ್ತಿ ತಗೊಂಡ್ರು, ಮೊದಲ ತಿಂಗ್ಳು ಎರಡು ಸಲ ನೆನೆಹಾಕ್ಲಿಕ್ಕೆ ಮರ್ತರು, ಆ ದಿನ ಎಲ್ರೂ ಅವಲಕ್ಕಿ ತಿಂದ್ವಿ. ಮರೆತಾಗ ನೀವು ಹೋಗಿ ನೆನೆಹಾಕ್ಬೇಡಿ. ಕೈ ತಡೆಯೋದಿಲ್ಲ ಗೊತ್ತು, ಆದ್ರೂ ಬೇಡ, ಹಾಕಿದ್ರೆ ನಾಲ್ಕನೇ ಗೆರೇಲಿ ಮತ್ತೆ ನಿಮ್ಮ ಹೆಸ್ರೇ.

ದುಡ್ಡು ಜಮೀನಿನದ್ದು ಒಂದು ಪೇಜು ಇರ್ಲಿ. ಪಹಣಿ ಯಾರ ಹೆಸ್ರಲ್ಲಿ, ಸೊಸೈಟಿಲಿ ಮೆಂಬರ್ ಯಾರು, 2023ರಿಂದ ಬರ್ತಿರೋ ಗೃಹಲಕ್ಷ್ಮಿ 2000 ರೂಪಾಯಿ ಯಾರ ಕೈಯಲ್ಲಿ ಖರ್ಚಾಗ್ತದೆ, ಶಕ್ತಿ ಯೋಜನೆ ಬಂದ ಮೇಲೆ ಮನೆ ಹೆಂಗಸ್ರು ತಮ್ಮ ಕೆಲಸಕ್ಕೆ ಅಂತ ಪೇಟೆಗೆ ಎಷ್ಟು ಸಲ ಹೋದ್ರು. ಹೆಣ್ಮಕ್ಕಳ ಪಾಲಿನ ವಿಷಯಕ್ಕೆ ಮನೇಲಿ ಬಹಳ ತಪ್ಪು ತಿಳುವಳಿಕೆ ಇರ್ತದೆ, ಅದಕ್ಕೆ ತಾರೀಖು ಹೇಳ್ತೀನಿ: ಕರ್ನಾಟಕದಲ್ಲಿ 1994ರಲ್ಲೇ ಪಿತ್ರಾರ್ಜಿತ ಆಸ್ತೀಲಿ ಮಗಳಿಗೆ ಮಗನಷ್ಟೇ ಹಕ್ಕು ಅಂತ ತಿದ್ದುಪಡಿ ಆಯ್ತು, ಆಗ ಅದಕ್ಕೂ ಮುಂಚೆ ಮದುವೆ ಆದವ್ರನ್ನ ಹೊರಗಿಟ್ಟಿದ್ರು, 2005ರಲ್ಲಿ ಇಡೀ ದೇಶಕ್ಕೆ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದುಪಡಿ ಬಂತು, 2020ರ ಆಗಸ್ಟ್ 11ಕ್ಕೆ ಸುಪ್ರೀಂ ಕೋರ್ಟು ಈ ಹಕ್ಕು ಹುಟ್ಟಿನಿಂದಲೇ ಬರೋದು, 2005ರಲ್ಲಿ ಅಪ್ಪ ಬದುಕಿರ್ಬೇಕು ಅಂತೇನಿಲ್ಲ ಅಂತ ಹೇಳ್ತು. ಕೂಸಿಗೆ (ಮಗಳಿಗೆ) ಮದುವೆ ಖರ್ಚು ಮಾಡಿ ಆಯ್ತಲ್ಲ ಅನ್ನೋದು ಕಾನೂನಿನ ಉತ್ತರ ಅಲ್ಲ. ನಿಮ್ಮ ಮನೆ ಕಾಗದದಲ್ಲಿ ಏನಿದೆ ಅಂತ ವಕೀಲರ ಹತ್ರ ತೋರ್ಸ್ಕೊಂಡೇ ಮಾತಾಡಿ.

ತೋಟದ ಮನೆ ಮಾಣಿಯಂದ್ರಿಗೆ ಒಂದು ಮಾತು. ಮೂವತ್ತೈದು ದಾಟಿದ್ರೂ ಹೆಣ್ಣು ಸಿಗ್ತಿಲ್ಲ ಅನ್ನೋ ನೋವು ನಮ್ಮ ಊರಲ್ಲೇ ಎಷ್ಟೋ ಮನೇಲಿ ನೋಡ್ತಿದೀನಿ, ಮದುವೆ ಮನೇಲಿ ಎಲ್ರೂ ಕೇಳೋ ಪ್ರಶ್ನೆಗೆ ಅವ್ರು ತಲೆ ತಗ್ಗಿಸೋದು ನೋಡಿದ್ರೆ ಸಂಕಟ ಆಗ್ತದೆ. ಹುಡ್ಗೀರಿಗೆ ಬೆಂಗಳೂರಿನ ದುಡ್ಡೇ ಬೇಕು ಅಂತ ಎಲ್ರೂ ಹೇಳ್ತಾರೆ. ನನ್ನ ಹತ್ರ ಮನಸ್ಸು ಬಿಚ್ಚಿ ಮಾತಾಡಿದ ಹುಡ್ಗೀರಲ್ಲಿ ಹೆಚ್ಚಿನವ್ರು ಹೆದರಿದ್ದು ಪೌಣೆ ಐದಕ್ಕೆ ಶುರುವಾಗೋ ಆ ಪೇಜಿಗೆ, ತಮ್ಮ ಆಯಿ (ಅಮ್ಮ) ಅದನ್ನ ಮಾಡಿದ್ದು ನೋಡ್ಕೊಂಡೇ ಬೆಳ್ದೋರು ಅವ್ರು. ಹೆಣ್ಣು ನೋಡ್ಲಿಕ್ಕೆ ಹೋಗೋ ಮುಂಚೆ ನಿಮ್ಮ ಮನೆಯ ಎಂಟು ದಿನ ನೀವೇ ಬರೀರಿ, ಅಮ್ಮನ ಹಿಂದೆ ಹಿಂದೆ ನಡ್ದು ಬರೀರಿ. ಕೇಳಿದ್ರೆ ಆ ಹುಡುಗಿಗೂ ತೋರ್ಸಿ.

ನಮ್ಮನೇಲಿ ಮೂರು ವರ್ಷದಲ್ಲಿ ಆಗಿದ್ದು: ಬೆಳಗಿನ ಬಚ್ಚಲ ಒಲೆ ಮತ್ತೆ ಮೊದಲ ಚಾ ಮಾವನದ್ದು, ತನ್ನ ಮಾತ್ರೆ ತಾನೇ ನೆನಪಿಟ್ಕೋತಾರೆ, ಅತ್ತೆ ಆರಕ್ಕೆ ಏಳ್ತಾರೆ. ಊಟಕ್ಕೆ ಎಲ್ರೂ ಒಟ್ಟಿಗೆ ಕೂರೋದು, ಬಡಿಸಿದ ಮೇಲೆ ಪಾತ್ರೆ ನಡುವಿಗೆ. ಮಗಳು ಮತ್ತೆ ಮಾಣಿ ಇಬ್ರೂ ತಟ್ಟೆ ತೊಳೀತಾರೆ. ಆಗದೇ ಇದ್ದದ್ದೂ ಇದೆ, ಮೂರು ದಿನದ ವಿಷಯಕ್ಕೆ ಅತ್ತೆ ಇನ್ನೂ ಪೂರ್ತಿ ಒಪ್ಲಿಲ್ಲ, ದೇವರ ಕೋಣೆ ಬಿಟ್ಟು ಉಳಿದ ಕಡೆ ಓಡಾಡ್ಲಿ ಅನ್ನೋವರೆಗೆ ಬಂದಿದಾರೆ. ಅರಿಶಿನ ಕುಂಕುಮಕ್ಕೆ ವಿಧವೆ ಆಗಿರೋ ನಮ್ಮ ಸಣ್ಣತ್ತೆನ ಕರೀಬೇಕು ಅಂತ ನಾನು ಹೋದ ವರ್ಷ ಕೇಳ್ದೆ, ಅತ್ತೆ ಉತ್ತರ ಕೊಡ್ಲಿಲ್ಲ, ಆದ್ರೆ ಗೌರಿ ಹಬ್ಬದ ದಿನ ಸಣ್ಣತ್ತೆಗೆ ಮೊದಲ ಎಲೆ ಹಾಕಿ ಪಕ್ಕದಲ್ಲಿ ಕೂರ್ಸ್ಕೊಂಡ್ರು.

ಹೋದ ವರ್ಷದ ಚಕ್ಲಿ ಕಂಬಳಕ್ಕೆ ಹಿಂದಿನ ದಿನ ಅಕ್ಕಿ ಒಣಗ್ಸಿ ಉದ್ದು ಹುರ್ದಿದ್ದು ನಮ್ಮನೆಯವ್ರು ಮತ್ತೆ ಮೈದುನ, ಉದ್ದು ಸ್ವಲ್ಪ ಕೆಂಪಗಾಯ್ತು, ಅತ್ತೆ ಒಳಗಿಂದ ನೋಡಿ ನೋಡಿ ತಡ್ಕೊಂಡ್ರು. ಕಂಬಳದ ದಿನ ಜಗಲಿ ಮೇಲೆ ಅವ್ರಿಗೂ ಒಂದು ಮಣೆ ಹಾಕಿದ್ವಿ. ಅವ್ರು ಸುತ್ತಿದ ಚಕ್ಲಿ ಎಳೆ ಆ ಸಾಲಲ್ಲಿ ಎಲ್ಲಕ್ಕಿಂತ ಸಣ್ಣದಿತ್ತು, ಮದುವೆ ಆಗಿ ಬಂದು ಇಷ್ಟು ವರ್ಷಕ್ಕೆ ಅವ್ರಿಗೆ ಸುತ್ತಲಿಕ್ಕೆ ಬರ್ತದೆ ಅಂತ ಊರಲ್ಲಿ ಯಾರಿಗೂ ಗೊತ್ತಿರ್ಲಿಲ್ಲ.

ಈ ಸಲದ ನೋಟ್‌ಬುಕ್ ಚೌತಿಗೆ ಮೂರು ವಾರ ಇರ್ಬೇಕಾದ್ರೆ ಶುರು ಮಾಡಿ. ಎರಡು ಪೆನ್ನು ಕಟ್ಟಿಡಿ, ಒಂದು ಹೆಂಗೂ ಕಳ್ದುಹೋಗ್ತದೆ.